ಕನ್ನಡ ವಾಹಿನಿಗಳೇ ಮೊದಲು ಏಕೆ ಹೋಗುತ್ತವೆ?

ಅಕ್ಕಲಕೋಟ ತಾಲ್ಲೂಕಿನ ನಮ್ಮಂಥ ಗ್ರಾಮಗಳಲ್ಲಿ ಮನೆಯೊಳಗೆ, ಹೊಲದಲ್ಲಿ, ಮಠದ ಅಂಗಳದಲ್ಲಿ ಕನ್ನಡ ಎಂದಿನಿಂದಲೂ ಇದೆ. ಆದರೆ ಸುದ್ದಿಯ ಕನ್ನಡ, ನಾಟಕದ ಕನ್ನಡ, ವಿದ್ವಾಂಸರ ಭಾಷಣದ ಕನ್ನಡ ಇವೆಲ್ಲ ಗಡಿಯ ಆಚೆಯಿಂದಲೇ ಬರಬೇಕು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯನ್ನೂ 1966ರಲ್ಲಿ ಆರಂಭವಾದ ಕಲಬುರ್ಗಿ ಆಕಾಶವಾಣಿಯನ್ನೂ ಕಿವಿಗೊಟ್ಟು ಕೇಳಿ ಬೆಳೆದ ತಲೆಮಾರು ನಮ್ಮದು. ದೂರದರ್ಶನ ಬಂದಾಗ ಮಾಳಿಗೆಯ ಮೇಲೆ ಎತ್ತರದ ಕಬ್ಬಿಣದ ಪೈಪು ನಿಲ್ಲಿಸಿ ಆಂಟೆನಾವನ್ನು ಪೂರ್ವಕ್ಕೆ ತಿರುಗಿಸುತ್ತಿದ್ದೆವು. 1994ರಲ್ಲಿ ಉದಯ ಟಿ.ವಿ. ಆರಂಭವಾಗಿ, ಅದರ ಹಿಂದೆ ಇತರ ಕನ್ನಡ ವಾಹಿನಿಗಳೂ ಬಂದು, ಕೇಬಲ್ ತಂತಿ ಓಣಿ ಓಣಿಗೆ ಹಬ್ಬಿದ ಮೇಲೆ ಆ ತೊಂದರೆ ತಪ್ಪಿತೆಂದು ಎಲ್ಲರೂ ಭಾವಿಸಿದ್ದರು.

ತೊಂಬತ್ತು ದಾಟಿದ ನನ್ನ ತಾಯಿಯವರಿಗೆ ಕನ್ನಡವೊಂದೇ ಬರುತ್ತದೆ. ಮರಾಠಿ ಸಂತೆಯ ವ್ಯವಹಾರದ ಮಟ್ಟಿಗೆ ಮಾತ್ರ. ಕಣ್ಣು ಮಂಜಾಗಿರುವುದರಿಂದ ಅವರು ಟಿ.ವಿ.ಯನ್ನು ನೋಡುವುದಕ್ಕಿಂತ ಕೇಳುವುದೇ ಹೆಚ್ಚು. ರಜೆಗೆ ಪುಣೆಯಿಂದ ಬರುವ ನನ್ನ ಮೊಮ್ಮಗಳು ಮುತ್ತಜ್ಜಿಯ ಮಗ್ಗುಲಲ್ಲಿ ಕುಳಿತು ಕೇಳುತ್ತ ಕೇಳುತ್ತಲೇ ಕನ್ನಡ ಕಲಿತಳು. ಆದ್ದರಿಂದ ಎರಡು ವರ್ಷಗಳ ಹಿಂದೆ ಮಳೆಗಾಲದಲ್ಲಿ ಆ ಕೋಣೆಯ ಟಿ.ವಿ.ಯಲ್ಲಿ ಕನ್ನಡ ವಾಹಿನಿಗಳು ಕೆಟ್ಟುಹೋದಾಗ ಅದು ಮನರಂಜನೆಗೆ ಬಂದ ಅಡ್ಡಿ ಮಾತ್ರವಾಗಿರಲಿಲ್ಲ.

ಚಿತ್ರ ಚೌಕ ಚೌಕವಾಗಿ ಒಡೆಯುವುದು, ಧ್ವನಿ ತುಂಡಾಗುವುದು, ಕೊನೆಗೆ ಪರದೆ ಕಪ್ಪಾಗುವುದು. ಹೋಗುವಾಗ ಕನ್ನಡ ವಾಹಿನಿಗಳೆಲ್ಲ ಒಟ್ಟಿಗೇ ಹೋಗುತ್ತಿದ್ದವು. ಮರಾಠಿ, ಹಿಂದಿ ವಾಹಿನಿಗಳು ಮಾತ್ರ ಸ್ವಚ್ಛವಾಗಿ ಬರುತ್ತಿದ್ದವು. ಗುಡಿಯ ಕಟ್ಟೆಯ ಮೇಲೆ ಇದಕ್ಕೆ ಒಂದು ವಿವರಣೆ ಬಹುಬೇಗ ಸಿದ್ಧವಾಯಿತು. “ಬೇಕಂತನಽ ಕಡೀತಾರ್ರೀ ಸರ್, ಕನ್ನಡ ಅಂದ್ರ ಅವರಿಗೆ ಆಗಂಗಿಲ್ಲ” ಎಂದು ಒಬ್ಬರು ಹೇಳಿದರೆ ನಾಲ್ವರು ತಲೆದೂಗಿದರು. ಗಡಿಯಲ್ಲಿ ಬಾಳುವವರಿಗೆ ಇಂಥ ಮಾತು ಎಷ್ಟು ಸುಲಭವಾಗಿ ನಾಟುತ್ತದೆಂಬುದು ತಮಗೆಲ್ಲ ತಿಳಿದದ್ದೇ. ಆದರೆ ಆರೋಪ ಹೊರಿಸುವ ಮೊದಲು ತಂತಿಯನ್ನು ಪರೀಕ್ಷಿಸುವುದು ನ್ಯಾಯವೆಂದು ನನಗೆ ತೋರಿತು.

ಪರೀಕ್ಷೆಯ ಕ್ರಮ ಸರಳವಾದದ್ದು: ಒಮ್ಮೆಗೆ ಒಂದನ್ನೇ ಬದಲಿಸಬೇಕು. ನಮ್ಮ ಮನೆಗೆ ಬರುವ ತಂತಿ ಪಡಸಾಲೆಯಲ್ಲಿ ಒಂದು ಸ್ಪ್ಲಿಟರ್‌ಗೆ ಸೇರಿ, ಅಲ್ಲಿಂದ ಎರಡು ಟಿ.ವಿ.ಗಳಿಗೆ ಹಂಚಿಹೋಗುತ್ತದೆ. ಎರಡು ಬಾಯಿಯ ಸ್ಪ್ಲಿಟರ್ ಬಂದ ಸಂಕೇತದ ಶಕ್ತಿಯನ್ನು ಎರಡು ಪಾಲು ಮಾಡುತ್ತದೆ. ಒಂದೊಂದು ಪಾಲು ಅರ್ಧಕ್ಕಿಂತಲೂ ತುಸು ಕಡಿಮೆ. ನಾಲ್ಕು ಬಾಯಿಯದಾದರೆ ಒಂದೊಂದಕ್ಕೆ ಕಾಲು ಭಾಗವೂ ಪೂರ್ತಿ ದಕ್ಕದು. ನಾನು ಸ್ಪ್ಲಿಟರ್ ಬಿಡಿಸಿ, ಹೊರಗಿನಿಂದ ಬಂದ ತಂತಿಯನ್ನು ನೇರವಾಗಿ ಸೆಟ್‌ಟಾಪ್ ಬಾಕ್ಸಿಗೆ ಜೋಡಿಸಿದೆ. ಚಿತ್ರ ಒಡೆಯುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ಮನೆಯೊಳಗಿನ ಕನೆಕ್ಟರುಗಳನ್ನು ಬಿಚ್ಚಿ ನೋಡಿದೆ. ತುಕ್ಕಾಗಲಿ ಹಸಿರು ಕಿಲುಬಾಗಲಿ ಇರಲಿಲ್ಲ. ಬಾಕ್ಸಿನ ಮೆನುವಿನಲ್ಲಿ ಸಂಕೇತದ ಪ್ರಮಾಣ, ಗುಣಮಟ್ಟ ಎರಡನ್ನೂ ತೋರಿಸುವ ಪುಟವೊಂದಿದೆ. ಮರಾಠಿ ವಾಹಿನಿಯಲ್ಲಿ ಎರಡೂ ಚೆನ್ನಾಗಿದ್ದವು; ಕನ್ನಡ ವಾಹಿನಿಗೆ ಬಂದಾಗ ಎರಡೂ ಕುಸಿಯುತ್ತಿದ್ದವು. ದೋಷ ಹೊರಗಿತ್ತು.

ನಮ್ಮ ಓಣಿಯ ಕೇಬಲ್ ನೋಡಿಕೊಳ್ಳುವವನು ನನ್ನ ಹಳೆಯ ವಿದ್ಯಾರ್ಥಿ. ಆತ ಬಂದು ವಿನಯದಿಂದಲೇ ಹೇಳಿದ: “ಸರ್, ಕನ್ನಡ ಚಾನೆಲ್ ನೋಡೂ ಮಂದಿ ಈಗ ಭಾಳ ಕಡಿಮಿ ಅದಾರ್ರೀ. ನಿಮ್ಮನ್ನ ಬಿಟ್ಟು ಇನ್ನೊಂದು ಮನಿಯವರಷ್ಟಽ ಹೇಳ್ಯಾರ. ಬೇಕಾದ್ರ ಒಂದು ಬೂಸ್ಟರ್ ಹಾಕಿ ಕೊಡ್ತೀನಿ.”

ಬೂಸ್ಟರ್ ಬೇಡವೆಂದೆ. ಬೂಸ್ಟರ್ ತನ್ನ ಬಳಿಗೆ ಬಂದದ್ದನ್ನು ಮಾತ್ರ ದೊಡ್ಡದು ಮಾಡುತ್ತದೆ. ದಾರಿಯಲ್ಲೇ ಕಳೆದುಹೋದದ್ದನ್ನು ಅದು ತಂದುಕೊಡಲಾರದು. ಸಂಕೇತದೊಡನೆ ಬೆರೆತು ಬಂದ ಗದ್ದಲವನ್ನೂ ಸಮನಾಗಿ ಹೆಚ್ಚಿಸುತ್ತದೆ. ಕಾರಣವನ್ನು ಹುಡುಕದೆ ಕೊನೆಯಲ್ಲಿ ಬೂಸ್ಟರ್ ಇಡುವುದೆಂದರೆ, ಅಕ್ಷರ ಬಾರದ ಹುಡುಗನಿಗೆ ಅದೇ ಪಾಠವನ್ನು ಗಟ್ಟಿಯಾಗಿ ಓದಿ ಹೇಳಿದಂತೆ.

ಮರುದಿನ ನಾನು ಒಂದು ಹಾಜರಿ ಪುಸ್ತಕ ಹಿಡಿದು ಓಣಿಯಲ್ಲಿ ಹೊರಟೆ. ಮನೆ, ಬಾಕ್ಸು, ಯಾವ ವಾಹಿನಿ ಒಡೆಯುತ್ತದೆ, ಯಾವ ಹೊತ್ತಿನಲ್ಲಿ ಎಂದು ಅಂಕಣ ಹಾಕಿ ಬರೆದುಕೊಂಡೆ. ಕನ್ನಡ ಮನೆಮಾತಿನ 22 ಮನೆಗಳಿಗೆ ಹೋದೆ. ಅವುಗಳಲ್ಲಿ 14 ಮನೆಗಳಲ್ಲಿ ಇದೇ ತೊಂದರೆ. ಆ 14ರಲ್ಲಿ ದೂರು ಹೇಳಿದವರು ನಾವು ಸೇರಿ ಇಬ್ಬರು. ಒಂದು ಮನೆಯಲ್ಲಿ ಕನ್ನಡ ವಾಹಿನಿ ಬರುತ್ತದೆಯೇ ಎಂದು ಕೇಳಿದೆ. ನಾನೇ ಎರಡನೆಯ ಇಯತ್ತೆಯಲ್ಲಿ ಅಕ್ಷರ ತಿದ್ದಿಸಿದ ಹೆಣ್ಣುಮಗಳು, “ಅದು ಹೋಗಿ ಭಾಳ ದಿನಾ ಆತ್ರೀ ಸರ್. ಈಗ ಮರಾಠಿನಽ ರೂಢಿ ಆಗೇತಿ” ಎಂದಳು. ಅವಳ ದನಿಯಲ್ಲಿ ಬೇಸರವಿರಲಿಲ್ಲ. ಅಂಥ ಮನೆಗಳು ಐದು.

ಪುಸ್ತಕದಲ್ಲಿನ ಹೆಸರುಗಳನ್ನು ಕಂಬಗಳ ಕ್ರಮದಲ್ಲಿ ಜೋಡಿಸಿದಾಗ ಚಿತ್ರ ಸ್ಪಷ್ಟವಾಯಿತು. ಆ 14 ಮನೆಗಳೂ ಬೇವಿನ ಮರದ ಬಳಿಯ ಒಂದು ಜಾಯಿಂಟಿನ ಮುಂದೆಯೇ ಇದ್ದವು. ಅದರ ಹಿಂದಿನ ಎಂಟು ಮನೆಗಳಲ್ಲಿ ಯಾವ ತೊಂದರೆಯೂ ಇರಲಿಲ್ಲ. ಪುಸ್ತಕವನ್ನು ನನ್ನ ವಿದ್ಯಾರ್ಥಿಗೆ ಕೊಟ್ಟೆ. ಆತ ಏಣಿ ಹಾಕಿ ಹತ್ತಿ, ಆ ಜಾಯಿಂಟಿನ ಎರಡೂ ಕಡೆ ತನ್ನ ಮೀಟರಿನಿಂದ ಅಳೆದು, ಸುತ್ತಿದ್ದ ಟೇಪು ಬಿಚ್ಚಿದ. ಬಿಸಿಲಿಗೆ ಟೇಪು ಒಣಗಿ ಬಿರುಕುಬಿಟ್ಟು, ಮಳೆನೀರು ತಂತಿಯ ಹೆಣಿಗೆಯೊಳಗೆ ಇಳಿದಿತ್ತು. ನೆನೆದಷ್ಟು ತಂತಿಯನ್ನು ಕತ್ತರಿಸಿ ತೆಗೆದು, ಹೊಸ ಕನೆಕ್ಟರ್ ಹಾಕಿ, ನೀರು ಜಾಯಿಂಟಿಗೆ ಹರಿಯದೆ ಕೆಳಗೇ ತೊಟ್ಟಿಕ್ಕುವಂತೆ ತಂತಿಗೆ ಇಳಿಬಿದ್ದ ಬಳುಕು ಕೊಟ್ಟು ಕಟ್ಟಿದ. ಅರ್ಧ ಗಂಟೆಯ ಕೆಲಸ.

ಹಾಗಾದರೆ ಕನ್ನಡ ವಾಹಿನಿಗಳು ಮಾತ್ರ ಏಕೆ ಹೋಗುತ್ತಿದ್ದವು? ಡಿಜಿಟಲ್ ಕೇಬಲ್ಲಿನಲ್ಲಿ 8 ಮೆಗಾಹರ್ಟ್ಸ್ ಅಗಲದ ಒಂದೊಂದು ಪಟ್ಟಿಯಲ್ಲಿ ಹಲವಾರು ವಾಹಿನಿಗಳು ಕೂಡಿ ಬರುತ್ತವೆ. ಆ ಪಟ್ಟಿ ಕೆಟ್ಟರೆ ಅದರಲ್ಲಿನ ಎಲ್ಲವೂ ಒಟ್ಟಿಗೇ ಕೆಡುತ್ತವೆ. ಆವರ್ತನ ಏರಿದಂತೆ ತಂತಿಯಲ್ಲಿನ ಸವಕಳಿಯೂ ಏರುತ್ತದೆ. ಸಾಮಾನ್ಯವಾಗಿ ಬಳಸುವ ಆರ್‌ಜಿ-6 ತಂತಿ 30 ಮೀಟರ್ ಇದ್ದರೆ, 55 ಮೆಗಾಹರ್ಟ್ಸ್‌ನಲ್ಲಿ ಸುಮಾರು ಒಂದೂವರೆ ಡೆಸಿಬೆಲ್ ನಷ್ಟವಾದರೆ 750 ಮೆಗಾಹರ್ಟ್ಸ್‌ನಲ್ಲಿ ಐದೂವರೆ. ಮೂರು ಡೆಸಿಬೆಲ್ ಎಂದರೇ ಶಕ್ತಿ ಅರ್ಧವಾಯಿತೆಂದು ಅರ್ಥ. ತಂತಿಯೊಳಗೆ ನೀರು ಇಳಿದರೆ ಮೇಲಿನ ಆವರ್ತನಗಳಿಗೇ ಹೆಚ್ಚಿನ ಪೆಟ್ಟು. ನಮ್ಮಲ್ಲಿ ಕನ್ನಡ ವಾಹಿನಿಗಳನ್ನು ಎಲ್ಲಕ್ಕಿಂತ ಕಡೆಗೆ ಸೇರಿಸಿದ್ದರಿಂದ ಅವುಗಳಿಗೆ ಮೇಲಿನ ಪಟ್ಟಿ ಸಿಕ್ಕಿತ್ತೆಂದು ಆತ ವಿವರಿಸಿದ. ಹಳೆಯ ಅನಲಾಗ್ ಕಾಲದಲ್ಲಾಗಿದ್ದರೆ ಚಿತ್ರದ ಮೇಲೆ ಚುಕ್ಕೆಗಳು ಕ್ರಮೇಣ ಹೆಚ್ಚಿ ಮುನ್ಸೂಚನೆ ಸಿಗುತ್ತಿತ್ತು. ಡಿಜಿಟಲ್‌ನಲ್ಲಿ ಒಂದು ಮಿತಿಯವರೆಗೆ ಚಿತ್ರ ಚೆನ್ನಾಗಿಯೇ ಇದ್ದು, ಆ ಮಿತಿ ದಾಟಿದೊಡನೆ ಒಮ್ಮೆಲೇ ಹೋಗುತ್ತದೆ.

ಯಾರೂ ಬೇಕೆಂದು ಕತ್ತರಿಸಿರಲಿಲ್ಲ. ಕಟ್ಟೆಯ ಮೇಲೆ ಇದನ್ನು ಹೇಳಿದಾಗ ಕೆಲವರಿಗೆ ಸಮಾಧಾನವಾಯಿತು, ಕೆಲವರಿಗೆ ತುಸು ನಿರಾಸೆಯೂ ಆಯಿತು. ನನ್ನನ್ನು ಕಾಡಿದ್ದು ಬೇರೆಯೇ ವಿಷಯ. ಕಡೆಗೆ ಬಂದವರಿಗೆ ದುರ್ಬಲ ಸ್ಥಾನ. ದುರ್ಬಲ ಸ್ಥಾನದಲ್ಲಿದ್ದದ್ದು ಮೊದಲು ಹೋಗುತ್ತದೆ. ಹೋದದ್ದನ್ನು ಯಾರೂ ಕೇಳುವುದಿಲ್ಲ. ಕೇಳುವವರಿಲ್ಲವೆಂದು ಅದನ್ನು ಸರಿಪಡಿಸುವುದೂ ಇಲ್ಲ. ಈ ಸುತ್ತಿನಲ್ಲಿ ಎಲ್ಲಿಯೂ ವೈರಿಯೊಬ್ಬನ ಅಗತ್ಯವಿಲ್ಲ. ಕನ್ನಡ ಮಾಧ್ಯಮದ ಶಾಲೆಗಳ ಪಟಸಂಖ್ಯೆ ಇಳಿಯುವುದನ್ನು ಮುಖ್ಯಾಧ್ಯಾಪಕನಾಗಿ ಕಂಡ ನನಗೆ ಈ ಸುತ್ತು ಹೊಸದಲ್ಲ.

ದುರಸ್ತಿಯಾದ ಸಂಜೆ ತಾಯಿಯವರ ಕೋಣೆಯಲ್ಲಿ ಕನ್ನಡ ಮತ್ತೆ ಕೇಳಿಸಿತು. ಆ ಐದು ಮನೆಗಳಿಗೆ ನಾನು ಮತ್ತೊಮ್ಮೆ ಹೋಗಿ, ಈಗ ಬರುತ್ತದೆ ನೋಡಿರಿ ಎಂದು ಹಚ್ಚಿ ತೋರಿಸಿದೆ. ಎರಡು ಮನೆಗಳಲ್ಲಿ ಸಂತೋಷಪಟ್ಟರು. ಮೂರು ಮನೆಗಳಲ್ಲಿ ಸೌಜನ್ಯಕ್ಕೆ ಐದು ನಿಮಿಷ ನೋಡಿ, ಚಹಾ ಕೊಟ್ಟು, ತಮ್ಮ ಧಾರಾವಾಹಿಗೆ ಮರಳಿದರು. ಅವರನ್ನು ದೂರುವುದು ಸಲ್ಲದು. ಜಾಯಿಂಟು ದುರಸ್ತಿಯಾಗಲು ಅರ್ಧ ಗಂಟೆ ಸಾಕು, ರೂಢಿಗೆ ಅಷ್ಟು ಸಾಲದು.

ಈ ಸಮ್ಮೇಳನಕ್ಕೆ ಬಂದ ಬಂಧುಗಳಲ್ಲಿ ನನ್ನ ಬಿನ್ನಹ ಚಿಕ್ಕದು. ಊರಿಗೆ ಮರಳಿದ ಮೇಲೆ ತಮ್ಮ ಮನೆಯ ಕನ್ನಡ ವಾಹಿನಿಯನ್ನೊಮ್ಮೆ ಹಚ್ಚಿ ನೋಡಿರಿ. ಒಡೆಯುತ್ತಿದ್ದರೆ ಮೊದಲು ಸ್ಪ್ಲಿಟರ್ ಬಿಡಿಸಿ ಪರೀಕ್ಷಿಸಿರಿ, ಕನೆಕ್ಟರುಗಳನ್ನು ನೋಡಿರಿ. ಗುಡುಗು ಮಿಂಚಿನ ಹೊತ್ತಿನಲ್ಲಿ ತಂತಿ ಮುಟ್ಟಬೇಡಿರಿ. ಕಂಬದ ಕೆಲಸವನ್ನು ಅದರವರಿಗೇ ಬಿಡಿರಿ. ಆಮೇಲೆ ನೆರೆಮನೆಯವರನ್ನೂ ಕೇಳಿ, ನಾಲ್ಕಾರು ಮನೆಯವರು ಕೂಡಿ ಬರೆದು ಕೊಡಿರಿ. “ಯಾರೂ ಹೇಳಿಲ್ಲ” ಎಂಬ ಉತ್ತರಕ್ಕೆ ಆಗ ಅವಕಾಶ ಉಳಿಯುವುದಿಲ್ಲ.