ಪೂರ್ವಜ್ಞಾನದ ಅಂಕಣದಲ್ಲಿ ಟೀವಿ

ಪಾಠ ಯೋಜನೆಯ ನಮೂನೆಯಲ್ಲಿ ‘ವಿದ್ಯಾರ್ಥಿಗಳ ಪೂರ್ವಜ್ಞಾನ’ ಎಂಬ ಅಂಕಣವಿದೆ. ಹಿಂದಿನ ತರಗತಿಯ ಪಠ್ಯ ನೋಡಿ ಅದನ್ನು ತುಂಬುವುದು ವಾಡಿಕೆ. ಒಂಬತ್ತನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಕ್ರೈಸ್ತ ಮತ್ತು ಇಸ್ಲಾಂ ಧರ್ಮಗಳ ಉಗಮದ ಪಾಠವಿದೆಯಲ್ಲ, ಅದಕ್ಕೆ ಮಾತ್ರ ಈ ಅಂಕಣವನ್ನು ಮಕ್ಕಳ ಕೈಯಲ್ಲೇ ತುಂಬಿಸಬೇಕು ಎನ್ನುವುದು ಈ ಸಲದ ಅಭ್ಯಾಸ ಬೋಧನೆಯ ಬಳಿಕ ನನ್ನ ಅಭಿಪ್ರಾಯ.

ನನಗೆ ಸಿಕ್ಕಿದ್ದು ಆಲೂರು ತಾಲ್ಲೂಕಿನ ಒಂದು ಪ್ರೌಢಶಾಲೆ. ಸಕಲೇಶಪುರದ ಕಡೆಯ ಕಾಫಿ ತೋಟಗಳ ಲೈನ್ ಮನೆಗಳಿಂದಲೂ ಮಕ್ಕಳು ಬರುತ್ತಿದ್ದರು. ಕಪ್ಪುಹಲಗೆಯ ಮೇಲೆ ಯಹೂದಿ, ಕ್ರೈಸ್ತ, ಮುಸ್ಲಿಂ ಎಂದು ಮೂರು ಪದ ಬರೆದು, ಓದಿದ ಕೂಡಲೇ ತೋಚುವ ಮಾತನ್ನು ಹೆಸರು ಹಾಕದೆ ಚೀಟಿಯಲ್ಲಿ ಬರೆದುಕೊಡಲು ಹೇಳಿದೆ. ಯಹೂದಿ ಎಂಬುದರ ಎದುರು ಹೆಚ್ಚಿನವರು ಏನೂ ಬರೆಯಲಿಲ್ಲ. ಬರೆದವರದು ‘ಇಸ್ರೇಲ್’, ‘ರಾಕೆಟ್’. ಕ್ರೈಸ್ತರ ಎದುರು ‘ಕೇಕ್’, ‘ಮತಾಂತರ’. ಮುಸ್ಲಿಮರ ಎದುರು ‘ರಂಜಾನ್’, ‘ಬಿರಿಯಾನಿ’ ಕೆಲವು. ಅವಕ್ಕಿಂತ ಹೆಚ್ಚು ‘ಉಗ್ರರು’, ‘ಬಾಂಬ್’. ಇದನ್ನೆಲ್ಲ ಎಲ್ಲಿ ಕೇಳಿದಿರಿ ಎಂದರೆ ಒಂದೇ ಉತ್ತರ: “ಟೀವಿ ನ್ಯೂಸಲ್ಲಿ ಮಿಸ್.”

ಯಹೂದಿಯನ್ನು ಈ ಮಕ್ಕಳು ಕಂಡೇ ಇಲ್ಲ. ಹಾಗಾಗಿ ಅಲ್ಲಿ ಟೀವಿ ಹೇಳಿದ್ದೇ ಎಲ್ಲ. ಮುಸ್ಲಿಮರು ಹಾಗಲ್ಲ. ಮೂರನೇ ಬೆಂಚಿನಲ್ಲಿ ಕೂರುವ ಹುಡುಗಿಯ ಅಪ್ಪ ಮೆಣಸು, ಏಲಕ್ಕಿ ಕೊಳ್ಳುವ ವ್ಯಾಪಾರಿ. ಅವಳ ಬುತ್ತಿಗೆ ಎರಡೂ ಕಡೆಯಿಂದ ಕೈ ಬರುತ್ತದೆ. ಆದರೂ ಚೀಟಿಯಲ್ಲಿ ಬಂದದ್ದು ಅವಳಪ್ಪನಲ್ಲ, ಪರದೆಯ ಮೇಲಿನ ಮುಸುಕುಧಾರಿ. ಚೀಟಿಗಳನ್ನು ನಾನು ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದಾಗ ಆ ಹುಡುಗಿ ಪೆನ್ನಿನ ಮುಚ್ಚಳವನ್ನೇ ತಿರುಗಿಸುತ್ತಾ ಕೂತಿದ್ದಳು. ಏನು ಬಂದಿರಬಹುದೆಂದು ಅವಳಿಗೆ ಗೊತ್ತಿತ್ತು.

ಇಂಥ ಹೊತ್ತಿನಲ್ಲಿ ‘ಎಲ್ಲ ಧರ್ಮಗಳೂ ಒಳ್ಳೆಯದನ್ನೇ ಹೇಳುತ್ತವೆ’ ಎಂದು ಶುರುಮಾಡಿದರೆ ಮಕ್ಕಳು ಪರೀಕ್ಷೆಗೆ ಬೇಕಾದಷ್ಟು ತಲೆಯಾಡಿಸಿ ಸುಮ್ಮನಾಗುತ್ತಾರೆ. ನಾನು ಆನೆ ಹಿಡಿದುಕೊಂಡೆ. ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿಯುವ ದಿನಗಳನ್ನು ಬಿಟ್ಟರೆ ನಮ್ಮ ಬೆಟ್ಟಗಳು ಟೀವಿಯಲ್ಲಿ ಬರುವುದೇ ಆನೆಯ ದೆಸೆಯಿಂದ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಸೆರೆಗೆಂದು ಬಂದಿದ್ದ ಅರ್ಜುನ ಸತ್ತದ್ದು ಮಕ್ಕಳಿಗೆಲ್ಲ ನೆನಪಿತ್ತು. ಎಂಟು ಸಲ ಚಿನ್ನದ ಅಂಬಾರಿ ಹೊತ್ತವನು. ಅವನ ವಯಸ್ಸು, ಮಾವುತ, ಸ್ವಭಾವ ಎಲ್ಲ ದಿನಗಟ್ಟಲೆ ಪ್ರಸಾರವಾಯಿತು. ಅವನನ್ನು ತಿವಿದದ್ದು? “ಕಾಡಾನೆ ಮಿಸ್. ಅದಕ್ಕೆ ಹೆಸರಿಲ್ಲ.” ಹಿಂದಿನ ಬೆಂಚಿನ ಹುಡುಗನೊಬ್ಬ ಸೇರಿಸಿದ: “ಎಲ್ಲ ಆನೆಗೂ ಪುಂಡಾನೆ ಅಂತಾರೆ. ನಮ್ಮ ತೋಟಕ್ಕೆ ಭೀಮ ಬರುತ್ತೆ, ಒಬ್ಬರಿಗೂ ಏನೂ ಮಾಡಿಲ್ಲ.” ಒಂದಕ್ಕೆ ಜೀವನ ಚರಿತ್ರೆ, ಇನ್ನೊಂದಕ್ಕೆ ಬರೀ ಜಾತಿ. ಮನುಷ್ಯರನ್ನು ಆನೆಗೆ ಹೋಲಿಸುವುದು ನನ್ನ ಉದ್ದೇಶವಲ್ಲ. ವಾರ್ತೆ ಓದುವವರು ಯಾರಿಗೆ ಹೆಸರು ಕೊಡುತ್ತಾರೆ, ಯಾರನ್ನು ಗುಂಪಿನ ಹೆಸರಲ್ಲಿ ಮುಗಿಸುತ್ತಾರೆ ಎಂಬುದನ್ನು ಈ ಮಕ್ಕಳು ಆಗಲೇ ಬಲ್ಲರು. ಅದನ್ನು ಬೇರೆ ಕಡೆ ಹಚ್ಚಿ ನೋಡಿಸಬೇಕಿತ್ತು, ಅಷ್ಟೇ.

2011ರ ಜುಲೈ 22ರಂದು ನಾರ್ವೆಯಲ್ಲಿ 77 ಜನ ಸತ್ತರು. ಮೊದಲ ಕೆಲವು ಗಂಟೆ ಎಷ್ಟೋ ವಾಹಿನಿಗಳ ಪರಿಣತರು ಅಲ್ ಖೈದಾದ ಕಡೆ ಬೊಟ್ಟು ಮಾಡಿದರು. ಸಿಕ್ಕವನು ಆಂಡರ್ಸ್ ಬ್ರೇವಿಕ್, ನಾರ್ವೆಯವನೇ, ಕ್ರೈಸ್ತ ಯುರೋಪನ್ನು ಕಾಯುವ ಯೋಧನೆಂದು ತನ್ನ ಬಗ್ಗೆ ತಾನೇ ನೂರಾರು ಪುಟ ಬರೆದುಕೊಂಡವನು. ಆಮೇಲೆ ಚರ್ಚೆ ಅವನ ಬಾಲ್ಯಕ್ಕೆ, ತಲೆ ಸರಿಯಿದೆಯೇ ಎಂಬುದಕ್ಕೆ ಹೊರಳಿತು. ತಲೆ ಸರಿಯಿದೆ ಎಂದೇ 2012ರಲ್ಲಿ ನ್ಯಾಯಾಲಯ ಹೇಳಿತು. ಇನ್ನೊಂದು, 2019ರ ಏಪ್ರಿಲ್ 21, ಈಸ್ಟರ್ ಭಾನುವಾರ: ಶ್ರೀಲಂಕಾದ ಚರ್ಚು, ಹೋಟೆಲುಗಳಲ್ಲಿ ಬಾಂಬ್ ಸಿಡಿದು ಕರ್ನಾಟಕದಿಂದ ಹೋದವರೂ ಸತ್ತರು. ಅಲ್ಲಿ ಸುದ್ದಿಯ ಮೊದಲ ಪದವೇ ಧರ್ಮದ್ದು. ಆ ಸಂಚಿನ ಮುಖ್ಯಸ್ಥನ ವಿರುದ್ಧ ಅಲ್ಲಿನ ಮುಸ್ಲಿಂ ಮುಖಂಡರೇ ಮೊದಲು ಎಚ್ಚರಿಸಿದ್ದರು ಎಂಬ ಸಂಗತಿ ಎಷ್ಟು ಜನರ ಕಿವಿಗೆ ಬಿತ್ತೋ.

ಒಬ್ಬಳು ಎದ್ದು ನಿಂತಳು. “ಅವರೇ ಧರ್ಮದ ಹೆಸರು ಹೇಳ್ಕೊಂಡು ಬಾಂಬ್ ಇಟ್ರಲ್ಲ ಮಿಸ್, ಟೀವಿಯವರು ಹೇಳೋದ್ರಲ್ಲಿ ತಪ್ಪೇನು?” ಒಳ್ಳೆಯ ಪ್ರಶ್ನೆ. ತಪ್ಪಿಲ್ಲ, ಧರ್ಮದ ಹೆಸರಲ್ಲಿ ಕೊಂದದ್ದನ್ನು ಮುಚ್ಚಿಡುವುದೂ ಸುಳ್ಳೇ. ಬ್ರೇವಿಕ್ ಕೂಡ ಧರ್ಮದ ಹೆಸರು ಹೇಳಿದ್ದ, ಅವನಿಗೂ ಅದೇ ಸೇರು ಹಿಡಿದರೇ ಎಂದು ಕೇಳಿದೆ. ಅವಳು ಒಪ್ಪಲಿಲ್ಲ, ಕೂತಳು. ಒಪ್ಪಿಸುವ ಆತುರ ನನಗೂ ಇರಲಿಲ್ಲ.

ಯಹೂದಿಗಳ ವಿಷಯ ಬೇರೆ. ನಮ್ಮ ವಾಹಿನಿಗಳಲ್ಲಿ ನಾನು ಕಂಡಂತೆ ಯಹೂದಿ ಎಂದರೆ ಇಸ್ರೇಲ್, ಇಸ್ರೇಲ್ ಎಂದರೆ ಯುದ್ಧ, ವಿಮಾನ, ಗ್ರಾಫಿಕ್ಸ್. ಅವರೊಳಗಿನ ಜಗಳ ಅಲ್ಲಿ ಕಾಣುವುದೇ ಇಲ್ಲ. 1994ರ ಫೆಬ್ರವರಿ 25ರಂದು ಹೆಬ್ರಾನ್‌ನಲ್ಲಿ ಬರೂಕ್ ಗೋಲ್ಡ್‌ಸ್ಟೀನ್ ಎಂಬ ವೈದ್ಯ ಪ್ರಾರ್ಥನೆಯಲ್ಲಿದ್ದ 29 ಮುಸ್ಲಿಮರನ್ನು ಕೊಂದ. ಮರುತಿಂಗಳೇ ಅವನ ಪಂಥದ ‘ಕಾಖ್’ ಸಂಘಟನೆಯನ್ನು ನಿಷೇಧಿಸಿದ್ದು ಇಸ್ರೇಲ್ ಸರ್ಕಾರವೇ. 1995ರ ನವೆಂಬರ್ 4ರಂದು ಪ್ರಧಾನಿ ಯಿತ್ಸಾಕ್ ರಾಬಿನ್‌ಗೆ ಗುಂಡಿಟ್ಟವನು ಶಾಂತಿ ಒಪ್ಪಂದ ಧರ್ಮದ್ರೋಹವೆಂದು ನಂಬಿದ ಯಹೂದಿ ಕಾನೂನು ವಿದ್ಯಾರ್ಥಿ. “ಅವರವರೇ?” ಎಂದು ತರಗತಿ ಬೆಚ್ಚಿತು. ಆಗ ಕನ್ನಡದಲ್ಲಿ 24 ಗಂಟೆಯ ಸುದ್ದಿ ವಾಹಿನಿ ಇರಲಿಲ್ಲ. ಇದ್ದಿದ್ದರೆ ಏನೆಂದು ಶೀರ್ಷಿಕೆ ಹಾಕುತ್ತಿದ್ದರೋ, ಮಕ್ಕಳು ತಾವೇ ಹಾಕಿ ನೋಡಿ ನಕ್ಕರು.

ನಗು ನಿಂತದ್ದು ನಮ್ಮ ರಾಜ್ಯದ ವಿಷಯಕ್ಕೆ ಬಂದಾಗ. 2020ರ ಏಪ್ರಿಲ್ ಸುಮಾರಿಗೆ ದೆಹಲಿಯ ನಿಜಾಮುದ್ದೀನ್‌ನ ತಬ್ಲೀಘಿ ಜಮಾತ್ ಸಭೆಯನ್ನು ಹಿಡಿದು ವಾಹಿನಿಗಳಲ್ಲಿ ‘ಕೊರೊನಾ ಜಿಹಾದ್’ ಎಂಬ ಮಾತು ಓಡಾಡಿತು. ಒಂದು ರೋಗಕ್ಕೂ ಧರ್ಮ ಅಂಟಿತು. ಬೆಂಗಳೂರಿನ ನಾಗರಿಕರ ಗುಂಪೊಂದರ ದೂರಿನ ಮೇಲೆ ಸುದ್ದಿ ವಾಹಿನಿಗಳದೇ ಸ್ವಯಂ ನಿಯಂತ್ರಣ ಪ್ರಾಧಿಕಾರವು 2021ರ ಜೂನ್‌ನಲ್ಲಿ ನ್ಯೂಸ್18 ಕನ್ನಡಕ್ಕೆ 1 ಲಕ್ಷ ರೂಪಾಯಿ, ಸುವರ್ಣ ನ್ಯೂಸ್‌ಗೆ 50 ಸಾವಿರ ರೂಪಾಯಿ ದಂಡ ಹಾಕಿತು. ಮೊದಲನೆಯದಕ್ಕೆ ಕ್ಷಮೆ ಪ್ರಸಾರ ಮಾಡಲೂ ಹೇಳಿತು. ನಡುವೆ ಕಳೆದದ್ದು ಹದಿನಾಲ್ಕು ತಿಂಗಳು. ಸಕಲೇಶಪುರದ ಹೋಬಳಿಗಳಲ್ಲಿ ಅಷ್ಟು ಹೊತ್ತಿಗೆ ಒಂದು ಕಾಫಿ ಕೊಯ್ಲು ಮುಗಿದಿತ್ತು.

ಮೂರನೇ ಬೆಂಚಿನ ಹುಡುಗಿ ಆಗ ಮಾತಾಡಿದಳು. ಕೂತಲ್ಲಿಂದಲೇ, ನನ್ನ ಕಡೆ ನೋಡದೆ. “ಆ ವರ್ಷ ಅಪ್ಪ ಎರಡು ಊರಿಗೆ ಹೋಗಲಿಲ್ಲ ಮಿಸ್. ಬರಬೇಡಿ ಅಂದಿದ್ರು. ಆಮೇಲೆ ಕರೆದ್ರು. ಕ್ಷಮೆ ಕೇಳಿದ್ದು ನಾವು ನೋಡಿಲ್ಲ.” ಪಕ್ಕದವಳು ಅವಳ ಕೈಯಿಂದ ಪೆನ್ನು ತೆಗೆದುಕೊಂಡು ಮುಚ್ಚಳ ಹಾಕಿಟ್ಟಳು. ನನಗೆ ಹೇಳಲು ಏನೂ ಇರಲಿಲ್ಲ. ಗಂಟೆ ಹೊಡೆಯುವವರೆಗೆ ಮಕ್ಕಳೇ ಮಾತಾಡಿದರು. ಯಾವ ಊರು ಎಂದು ಒಬ್ಬನೂ ಕೇಳಲಿಲ್ಲ. ಪ್ರಾಯಶಃ ಕೆಲವರಿಗೆ ಗೊತ್ತಿತ್ತು.

ಪಾಠಕ್ಕೆ ಹೀಗೆ ಎರಡು ಅವಧಿ ಹಿಡಿಯಿತು. ಮಾರನೆಯ ದಿನ ಜೆರುಸಲೇಂ, ಮೆಕ್ಕಾ, ಮೂರೂ ಧರ್ಮದವರು ಹಿರಿಯನೆಂದು ಒಪ್ಪುವ ಅಬ್ರಹಾಮ, 622ರ ಹಿಜರತ್ ಎಲ್ಲವನ್ನೂ ಮಾಡಿದೆವು. ಅಭ್ಯಾಸ ಪುಸ್ತಕದಲ್ಲಿ ಎರಡು ಕಲಂ ಎಳೆಸಿ ಮನೆಗೆಲಸ ಕೊಟ್ಟೆ: ವಾರವಿಡೀ ವಾರ್ತೆಯಲ್ಲಿ ಆರೋಪಿಯ ಹೆಸರಿಗೆ ಮೊದಲು ಬಂದ ಪದ ಯಾವುದು, ಹೆಸರೇ ಬರದಿದ್ದರೆ ಬಂದ ಪದ ಯಾವುದು. ಗಾಳಿ ಮಳೆಗೆ ಲೈನ್ ಮೇಲೆ ಮರ ಬಿದ್ದು ಮೂರು ದಿನ ಕರೆಂಟು ಹೋಗಿದ್ದರಿಂದ ಅರ್ಧ ಪುಸ್ತಕಗಳು ಖಾಲಿಯೇ ಬಂದವು. ಉಳಿದವುಗಳಲ್ಲಿ ಪ್ರಶ್ನೆ ಕೇಳಿ ಒಪ್ಪದೆ ಕೂತಿದ್ದ ಹುಡುಗಿಯದು ಎಲ್ಲಕ್ಕಿಂತ ಉದ್ದದ ಪಟ್ಟಿ. ಎರಡು ಕಲಂ ಸಾಲದೆಂದು ಅವಳೇ ಮೂರನೆಯದನ್ನು ಎಳೆದುಕೊಂಡಿದ್ದಳು: ‘ಆಮೇಲೆ ಏನಾಯಿತು ಅಂತ ಹೇಳಿದರಾ?’