ಕೇಳಿಸದ ವಾದ್ಯಕ್ಕೊಂದು ಧ್ವನಿವರ್ಧಕ

ಸಂಗೀತದಲ್ಲಿ ಕೇಳಿಸುವ ವಾದ್ಯಗಳೆಂದೂ ಕೇಳಿಸದ ವಾದ್ಯಗಳೆಂದೂ ಎರಡು ಬಗೆ. ಪಿಟೀಲು, ಕೊಳಲು, ನಾಗಸ್ವರಗಳು ಮೊದಲನೆಯ ವರ್ಗದವು, ತಂಬೂರಿ ಎರಡನೆಯದು. ಕಚೇರಿ ಮುಗಿಸಿಕೊಂಡು ಮನೆಗೆ ಹೊರಟವರಲ್ಲಿ “ಈ ಹೊತ್ತು ತಂಬೂರಿ ಬಹು ಸೊಗಸಾಗಿತ್ತು” ಎಂದವರನ್ನು ನಾನಂತೂ ಕಂಡಿಲ್ಲ. ಆದರೆ ನಡುವೆ ಅರೆಗಳಿಗೆ ಅದು ನಿಂತಿತೆನ್ನಿ, ಸಭೆಗೆ ಸಭೆಯೇ ತಲೆಯೆತ್ತಿ ನೋಡುತ್ತದೆ. ಪಶ್ಚಿಮದಿಂದ ಬಂದ ವಾದ್ಯಗಳಲ್ಲಿ ಈ ಎರಡನೆಯ ವರ್ಗಕ್ಕೆ ಸೇರತಕ್ಕದ್ದು ಬೇಸ್ ಗಿಟಾರು. ಚಿತ್ರಗೀತೆಯನ್ನು ಗುನುಗುವವರು ಹಾಡನ್ನು ಗುನುಗುತ್ತಾರೆ, ನಡುವಣ ಪಿಟೀಲಿನ ತುಣುಕನ್ನೂ ಗುನುಗುತ್ತಾರೆ. ಅಡಿಯಲ್ಲಿ ಹೆಜ್ಜೆ ಹಾಕುತ್ತ ಬರುವ ಆ ನಾಲ್ಕು ತಂತಿಗಳ ಮಂದ್ರಸ್ವರವನ್ನು ಗುನುಗಿದವರು ಅಪರೂಪ.

ಇಂಥ ವಾದ್ಯವನ್ನು ನನ್ನ ಸೋದರಳಿಯ ಕೈಗೆ ತೆಗೆದುಕೊಂಡಿದ್ದಾನೆ. ಅಕ್ಕನ ಮನೆ ನಂಜನಗೂಡು ತಾಲ್ಲೂಕಿನ ತಗಡೂರಿನಲ್ಲಿ. ತಗಡೂರು ರಾಮಚಂದ್ರರಾಯರ ದೆಸೆಯಿಂದ ಖಾದಿಗೂ ಸ್ವಾತಂತ್ರ್ಯದ ಹೋರಾಟಕ್ಕೂ ಹೆಸರಾದ ಊರು ಅದು. ಹುಡುಗ ಹಗಲು ಡಿಪ್ಲೊಮಾ ಓದುತ್ತಾನೆ. ಗಣೇಶೋತ್ಸವದಲ್ಲಿ, ಮದುವೆಯ ಮನೆಗಳಲ್ಲಿ ಗೆಳೆಯರ ವಾದ್ಯಗೋಷ್ಠಿಯೊಡನೆ ಬೇಸ್ ನುಡಿಸುತ್ತಾನೆ. ವಾದ್ಯವೇನೋ ಯಾರೋ ಬಳಸಿ ಬಿಟ್ಟದ್ದು ಅಗ್ಗಕ್ಕೆ ದೊರಕಿತ್ತು. ಆದರೆ ಅದರ ಒಡಲು ಗಟ್ಟಿಯಾದ ಮರದ ಹಲಗೆ. ವೀಣೆಯಂತೆ ಅದಕ್ಕೆ ಕೊಡವಿಲ್ಲ. ವಿದ್ಯುತ್ತಿನ ನೆರವಿಲ್ಲದೆ ಮೀಟಿದರೆ ಸೊಳ್ಳೆಯ ಸಂಗೀತಕ್ಕೂ ಅದಕ್ಕೂ ಹೆಚ್ಚಿನ ಅಂತರವಿಲ್ಲ.

“ಮಾವ, ಆಂಪ್ಲಿಫೈಯರ್ ಆರಿಸೋದಕ್ಕೆ ನೀವು ಜೊತೆಗೆ ಬರಬೇಕು” ಎಂದು ಅವನು ಕರೆದ. ಎಂ.ಎ. ಮಾಡಿದವನಿಗೆ ತಿಳಿಯದ್ದು ಜಗತ್ತಿನಲ್ಲಿ ಯಾವುದೂ ಇಲ್ಲವೆಂಬ ನಂಬಿಕೆ ನಮ್ಮ ಮನೆತನದಲ್ಲಿ ಇನ್ನೂ ಉಳಿದುಕೊಂಡಿದೆ, ಆ ಎಂ.ಎ. ಕನ್ನಡದಲ್ಲಿ ಎಂಬ ಸಂಗತಿಯನ್ನು ಯಾರೂ ಗಣನೆಗೆ ತರುವುದಿಲ್ಲ.

ಹಣ ಒಟ್ಟು 15,000 ರೂಪಾಯಿ. ಅದರಲ್ಲಿ 6,000 ಅವನು ನುಡಿಸಿ ಗಳಿಸಿದ್ದು. ಉಳಿದ 9,000 ಅಕ್ಕ ಡೈರಿಗೆ ಹಾಲು ಹಾಕಿ ಕೂಡಿಟ್ಟದ್ದು. ಮಳೆಗಾಲಕ್ಕೆ ಮುನ್ನ ಅಡಿಗೆಮನೆಯ ಹೆಂಚು ಬದಲಾಯಿಸಬೇಕೆಂದು ಅವಳು ಎತ್ತಿಟ್ಟಿದ್ದ ಗಂಟು ಅದು. “ಹೆಂಚು ಇನ್ನೊಂದು ವರ್ಷ ತಡೆಯುತ್ತೆ, ಅವನ ವಯಸ್ಸು ತಡೆಯೋದಿಲ್ಲ” ಎಂದಿಷ್ಟೇ ಅವಳ ಮಾತು. ಭಾವನವರಿಗೆ ಇದು ಒಪ್ಪಿಗೆಯಾಗಿರಲಿಲ್ಲ. “ಅಲ್ಲಯ್ಯ, ದೇವಸ್ಥಾನದ ಮೈಕ್ ಸೆಟ್ಟು ಸುಮ್ಮನೆ ಬಿದ್ದಿದೆ. ವರ್ಷಕ್ಕೆ ನಾಲ್ಕು ದಿನ ಕೂಗೋದು. ಅದಕ್ಕೇ ಸಿಕ್ಕಿಸಿದರೆ ಆಗೋದಿಲ್ಲವೆ?” ಎಂದರು.

ಕೇಳತಕ್ಕ ಪ್ರಶ್ನೆಯೇ. ಆದರೆ ದೇವಸ್ಥಾನದ ಗೋಪುರಕ್ಕೆ ಕಟ್ಟುವ ಕಹಳೆ ಮನುಷ್ಯನ ಮಾತನ್ನು ಊರಾಚೆಯ ಗದ್ದೆಯವರೆಗೆ ಮುಟ್ಟಿಸಲೆಂದು ಹುಟ್ಟಿದ್ದು. ಮಂದ್ರಸ್ವರ ಅದರ ಕೊರಳಿನಿಂದ ಹೊರಡುವುದೇ ಇಲ್ಲ. ಬೇಸ್ ಗಿಟಾರಿನ ನಾಲ್ಕು ತಂತಿಗಳಲ್ಲಿ ಅತ್ಯಂತ ದಪ್ಪನೆಯದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಸಾಮಾನ್ಯ ಗಿಟಾರಿನ ಕೆಳಗಿನ ತಂತಿ 82 ಸಲ, ಎಂದರೆ ಸರಿಯಾಗಿ ಒಂದು ಸ್ಥಾಯಿ ಮೇಲೆ. ಸ್ವರ ಒಂದು ಸ್ಥಾಯಿ ಕೆಳಗಿಳಿದಾಗ ನಾದದ ಒತ್ತಡ ಮೊದಲಿನಷ್ಟೇ ಇರಬೇಕಾದರೆ ಸ್ಪೀಕರಿನ ಕಾಗದದ ಬಟ್ಟಲು ನಾಲ್ಕು ಪಾಲು ದೂರ ಹಿಂದೆ ಮುಂದೆ ಓಡಾಡಬೇಕು. ಸಾಲದ್ದಕ್ಕೆ ನಮ್ಮ ಕಿವಿ ಇಷ್ಟು ಕೆಳಗಿನ ಸ್ವರಗಳಿಗೆ ಬಹಳ ಮಂದ. ಹೀಗಾಗಿ ಬೇಸಿಗೆ ದೊಡ್ಡ ಬಟ್ಟಲು ಬೇಕು, ಹೆಚ್ಚು ಶಕ್ತಿ ಬೇಕು. ಬಟ್ಟಲಿನ ಹಿಂಬದಿಯ ಅಲೆ ಮುಂಬದಿಯ ಅಲೆಯನ್ನು ನುಂಗದಂತೆ ಭದ್ರವಾದ ಪೆಟ್ಟಿಗೆಯೂ ಬೇಕು. ಗೆಳೆಯನ ಗಿಟಾರಿನ ಪುಟ್ಟ ಆಂಪ್ಲಿಫೈಯರಿಗೆ ಬೇಸನ್ನು ಸಿಕ್ಕಿಸಿ ಜೋರಾಗಿ ನುಡಿಸಿದರೆ ಬಟ್ಟಲು ಹರಿದರೂ ಹರಿದೀತು.

ನಾದ ಹಿಂದಿನ ಸಾಲಿಗೆ ಮುಟ್ಟಬೇಕೆಂಬ ಹಂಬಲ ನಮ್ಮ ಸೀಮೆಗೆ ಹೊಸದಲ್ಲ. ಪಕ್ಕದ ತಾಲ್ಲೂಕಿನ ತಿರುಮಕೂಡಲಿನಲ್ಲಿ ಹುಟ್ಟಿದ ಪಿಟೀಲು ಚೌಡಯ್ಯನವರು ಧ್ವನಿವರ್ಧಕವಿಲ್ಲದ ಕಾಲದ ಕಚೇರಿಗಳಲ್ಲಿ ತಮ್ಮ ವಾದ್ಯ ದೂರ ಕುಳಿತವರಿಗೆ ಕೇಳಿಸದೆಂದು ಕೊರಗಿ, ನಾಲ್ಕು ತಂತಿಗಳಿಗೆ ಇನ್ನು ಮೂರನ್ನು ಸೇರಿಸಿ ಏಳು ತಂತಿಯ ಪಿಟೀಲನ್ನೇ ಕಟ್ಟಿಕೊಂಡರು. ಅವರು 1967ರಲ್ಲಿ ತೀರಿಕೊಂಡರು. ಅಷ್ಟು ಹೊತ್ತಿಗೆ ಮೈಕು ಎಲ್ಲೆಡೆ ಬಂದಿದ್ದಿತು. ಆದರೂ ನಾದಕ್ಕೆ ಬಲ ತರಲು ಕೊಳ್ಳುವುದಕ್ಕಿಂತ ಮೊದಲು ಯೋಚಿಸಿದವರೆಂದು ನಾನು ಹುಡುಗನಿಗೆ ಅವರ ಕಥೆಯನ್ನು ಬಸ್ಸಿನಲ್ಲಿ ಹೇಳಿದೆ. ಅವನು ಪ್ರತಿಯಾಗಿ ತನ್ನ ವಾದ್ಯದ ಪುರಾಣವನ್ನು ಹೇಳಿದ. ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ 1951ರಲ್ಲಿ ತನ್ನ ಪ್ರಿಸಿಷನ್ ಬೇಸನ್ನು ಮಾರುಕಟ್ಟೆಗೆ ತಂದ. ಆಳೆತ್ತರದ ಡಬಲ್ ಬೇಸನ್ನು ಹೊತ್ತು ತಿರುಗುತ್ತಿದ್ದವರ ಬೆನ್ನು ನೋವು ತಪ್ಪಿತು. ಮರುವರ್ಷವೇ ಅದಕ್ಕೆಂದು ಬಾಸ್‌ಮನ್ ಎಂಬ ಆಂಪ್ಲಿಫೈಯರನ್ನು ಮಾಡಿದ. ತಮಾಷೆಯೆಂದರೆ ಬೇಸಿಗೆಂದು ಮಾಡಿದ ಅದನ್ನು ಗಿಟಾರಿನವರೇ ಹೆಚ್ಚು ಮೆಚ್ಚಿದರು. 1960ರ ದಶಕದ ಆರಂಭದಲ್ಲಿ ಲಂಡನ್ನಿನ ಜಿಮ್ ಮಾರ್ಷಲ್ ಅದನ್ನೇ ಮಾದರಿಯಾಗಿಟ್ಟುಕೊಂಡು ತನ್ನ ಮೊದಲ ಆಂಪ್ಲಿಫೈಯರನ್ನು ಮಾಡಿದ. ಪಾಪ, ಬೇಸಿನವರ ಆಸ್ತಿ ಅಲ್ಲಿಯೂ ಪರರ ಪಾಲು!

ಮೈಸೂರಿನ ಅಂಗಡಿಯಲ್ಲಿ ನಮ್ಮ ಹಣಕ್ಕೆ ಎಟಕುವಂಥವು ಮೂರು ಕಂಡವು. ಹೊಚ್ಚ ಹೊಸದಾದ, 15 ವ್ಯಾಟಿನ, ಅಂಗೈಯಗಲದ ಸ್ಪೀಕರಿನದೊಂದು. ಒಂದು ವರ್ಷ ಬಳಸಿದ 30 ವ್ಯಾಟಿನದೊಂದು. ಅದಕ್ಕೆ 10 ಅಂಗುಲದ ಸ್ಪೀಕರು. ಮೂರನೆಯದು ಹಳೆಯ ಗಜರಾಜ: 150 ವ್ಯಾಟು, 15 ಅಂಗುಲದ ಸ್ಪೀಕರು, ಇಬ್ಬರು ಹಿಡಿದೆತ್ತಬೇಕಾದ ತೂಕ, ಬೆಲೆ 14,000. ಹುಡುಗನ ಕಣ್ಣು ಅಂಗಡಿಯ ಬಾಗಿಲು ದಾಟಿದ ಗಳಿಗೆಯಿಂದ ಗಜರಾಜನ ಮೇಲೆಯೇ ನೆಟ್ಟಿತ್ತು. ತನ್ನ ವಾದ್ಯವನ್ನು ಅವನು ಜೊತೆಗೇ ತಂದಿದ್ದುದು ಜಾಣತನ. ಅಂಗಡಿಯವರ ಬೆಲೆಬಾಳುವ ವಾದ್ಯದಲ್ಲಿ ಎಲ್ಲ ಆಂಪ್ಲಿಫೈಯರುಗಳೂ ಚೆನ್ನಾಗಿಯೇ ನುಡಿಯುತ್ತವೆ. ದಪ್ಪ ತಂತಿಯನ್ನು ಮೀಟಿದ. ನನ್ನ ಎದೆಗೂಡಿಗೆ ಒಳಗಿನಿಂದ ಯಾರೋ ಕೈಯಿಟ್ಟಂತಾಯಿತು.

“ಮಾವ, ನಾಳೆ ವೇದಿಕೆ ಮೇಲೆ ಡ್ರಮ್ಮಿನ ಪಕ್ಕ ನಿಂತಾಗ 30 ವ್ಯಾಟು ಏನು ಕೇಳಿಸುತ್ತೆ?”

ಅವನ ಮಾತು ಸುಳ್ಳಲ್ಲ. ಡ್ರಮ್ಮಿನ ಎದುರು 30 ವ್ಯಾಟು ಏನೂ ಸಾಲದು. ಆದರೆ ವ್ಯಾಟಿನ ಲೆಕ್ಕ ಅಂಗಡಿಯ ಚೀಟಿಯಲ್ಲಿ ಕಾಣುವಷ್ಟು ಸರಳವಲ್ಲ: ಶಕ್ತಿ ಇಮ್ಮಡಿಯಾದರೆ ನಾದ ಇಮ್ಮಡಿಯಾಗುವುದಿಲ್ಲ, ಕಿವಿಗೆ ಇಮ್ಮಡಿಯೆನಿಸಬೇಕಾದರೆ ಶಕ್ತಿ ಹತ್ತರಷ್ಟಾಗಬೇಕು. ಹೀಗೆ ವ್ಯಾಟನ್ನು ಬೆನ್ನಟ್ಟಿ ಹೋದರೆ ಬಡವನ ಗಂಟು ಮೊದಲು ಮುಗಿಯುತ್ತದೆ. ವೇದಿಕೆಯ ಮೇಲೆ ಹೇಗೂ ಮೈಕ್ ಸೆಟ್ಟಿನವರ ದೊಡ್ಡ ದೊಡ್ಡ ಪೆಟ್ಟಿಗೆಗಳಿರುತ್ತವೆ. ನಮ್ಮದರ ಬೆನ್ನಿನಿಂದ ಒಂದು ತಂತಿ ಅವರ ಮಿಕ್ಸರಿಗೆ ಹೋಗುವಂತಿದ್ದರೆ ಆಯಿತು, ಊರು ಕೇಳಲು ಅವರ ಆಂಪ್ಲಿಫೈಯರು, ಹುಡುಗ ಕೇಳಿಕೊಳ್ಳಲು ನಮ್ಮದು. ವರ್ಷದಲ್ಲಿ ಇಪ್ಪತ್ತು ರಾತ್ರಿ ವೇದಿಕೆ. ಮಿಕ್ಕ ರಾತ್ರಿಗಳೆಲ್ಲ ಹಜಾರದಲ್ಲಿ, ಗೋಡೆಯಾಚೆ ನೆರೆಮನೆಯ ಕೈಗೂಸು. ಹೊಸತಾದ ಪುಟ್ಟದ್ದರಲ್ಲಿ ಮಿಕ್ಸರಿಗೆ ಹೋಗುವ ದಾರಿ ಇರಲಿಲ್ಲ. 30 ವ್ಯಾಟಿನದರಲ್ಲಿ ಅದೂ ಇತ್ತು, ಕಿವಿಗೆ ಹಾಕಿಕೊಂಡು ಒಬ್ಬನೇ ಕೇಳುವ ಹೆಡ್‌ಫೋನಿನ ರಂಧ್ರವೂ ಇತ್ತು. ಒಂದೊಂದೇ ಗುಂಡಿಯನ್ನು ತಿರುಗಿಸಿ ಕರಕರ ಸದ್ದು ಬರುವುದೇ ಎಂದು ನೋಡಿದೆವು. ಗೋಡೆಯ ಮೂಲೆಯಿಂದ ಅದನ್ನು ಈಚೆಗೆಳೆಸಿ ಮತ್ತೆ ಕೇಳಿದೆವು, ಏಕೆಂದರೆ ಮೂಲೆಯಲ್ಲಿಟ್ಟ ಪೆಟ್ಟಿಗೆಯ ಮಂದ್ರ ಯಾವಾಗಲೂ ಇದ್ದುದಕ್ಕಿಂತ ದೊಡ್ಡದಾಗಿಯೇ ಕೇಳುತ್ತದೆ. 11,500ಕ್ಕೆ ಮಾತು ಮುಗಿಯಿತು. ಹುಡುಗ ಗಜರಾಜನ ನೆತ್ತಿಯನ್ನು ಒಮ್ಮೆ ತಡವಿ ಹೊರಬಂದ.

ಉಳಿದ 3,500ರಲ್ಲಿ ಮುಖ್ಯವಾದ ಖರ್ಚು ಇನ್ನೂ ಇತ್ತು. ಅಕ್ಕನ ಮನೆಯ ಗೋಡೆಯಲ್ಲಿ ಮೂರು ತೂತಿನ ಪ್ಲಗ್ಗೇನೋ ಇದೆ. ಆದರೆ ಮೇಲಿನ ದೊಡ್ಡ ತೂತಿಗೆ ಹಿಂದೆ ತಂತಿಯೇ ಇರಲಿಲ್ಲ. ಇಸ್ತ್ರಿಪೆಟ್ಟಿಗೆ ಆಗಾಗ ಚುರುಕ್ಕೆನ್ನಿಸುವುದನ್ನು ಮನೆಮಂದಿ ಅದರ ಸ್ವಭಾವವೆಂದೇ ಒಪ್ಪಿಕೊಂಡಿದ್ದರು. ಬೇಸ್ ಗಿಟಾರಿನ ಲೋಹದ ತಂತಿಗಳು ವಾದ್ಯದ ಕೇಬಲ್ಲಿನ ಮೂಲಕ ಆಂಪ್ಲಿಫೈಯರಿನ ಲೋಹದ ಮೈಗೆ ಕೂಡಿಕೊಂಡಿರುತ್ತವೆ. ಆ ಮೈಗೆ ಸೋರಿದ ವಿದ್ಯುತ್ತು ನುಡಿಸುವವನ ಬೆರಳಿಗೆ ಬರುತ್ತದೆ. ಅವನ ತುಟಿ ಎದುರಿನ ಮೈಕಿಗೆ ತಾಗಿದರೆ ದಾರಿ ಪೂರ್ಣವಾಗುತ್ತದೆ. ಮೈಕಿನ ಕಡೆ ದೋಷವಿದ್ದರೂ ಪರಿಣಾಮ ಅದೇ. ಸ್ಟೋನ್ ದಿ ಕ್ರೋಸ್ ಎಂಬ ತಂಡದ ಗಿಟಾರು ವಾದಕ ಲೆಸ್ ಹಾರ್ವಿ 1972ರಲ್ಲಿ ವೇಲ್ಸಿನ ಸ್ವಾನ್ಸೀ ಪಟ್ಟಣದ ವೇದಿಕೆಯ ಮೇಲೆ, ನೆಲಕ್ಕೆ ಸರಿಯಾಗಿ ಕೂಡಿಸದ ಮೈಕನ್ನು ಮುಟ್ಟಿ ಸತ್ತ. ಇದನ್ನು ಭಾವನವರಿಗೆ ಹೇಳಿದೆ. ಅವರು ಆಮೇಲೆ ಆಂಪ್ಲಿಫೈಯರಿನ ವಿಷಯವಾಗಿ ಒಂದು ಮಾತನ್ನೂ ಆಡಲಿಲ್ಲ. ಮರುದಿನ ಬೆಳಗ್ಗೆ ತಾವೇ ಗುದ್ದಲಿ ಹಿಡಿದು ಹಿತ್ತಲಲ್ಲಿ ಗುಂಡಿ ತೋಡಲು ನಿಂತರು. ವಿದ್ಯುತ್ ಕೆಲಸದವನು ಬಂದು ತಾಮ್ರದ ತಗಡನ್ನು ಇಳಿಬಿಟ್ಟು, ಸುತ್ತಲೂ ಇದ್ದಿಲು, ಉಪ್ಪು ತುಂಬಿ, ಮನೆಯೊಳಗಿನವರೆಗೆ ತಂತಿ ಎಳೆದ. ಅದಕ್ಕೆ 2,500 ಹಿಡಿಯಿತು. ಒಳ್ಳೆಯ ಕೇಬಲ್ಲಿಗೆ 700.

ಇದರಿಂದ ಇನ್ನೊಂದು ಲಾಭವೂ ಆಯಿತು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಸಲ ತೂಗುತ್ತದೆ. ಬೇಸಿನ ದಪ್ಪ ತಂತಿಯ ಮೂರನೆಯ ಮನೆಯ ಸ್ವರ 49. ಆಂಪ್ಲಿಫೈಯರಿನ ಗುಂಯ್ ಸದ್ದು ಆ ಸ್ವರಕ್ಕೆ ಅಪಶ್ರುತಿಯ ತಂಬೂರಿಯಂತೆ ಅಂಟಿಕೊಂಡು ಕಾಡುತ್ತಿದ್ದುದು ಈಗ ಬಹುಮಟ್ಟಿಗೆ ಅಡಗಿದೆ.

ಸಂಜೆ ಅವನು ನುಡಿಸಲು ಕುಳಿತರೆ ಅಡಿಗೆಮನೆಯ ಹಲಗೆಯ ಮೇಲಿನ ಒಂದು ಸ್ಟೀಲು ಚೊಂಬು ಎರಡನೆಯ ತಂತಿಗೆ ಮಾತ್ರ ಝೇಂಕರಿಸುತ್ತದೆ. ಹೆಂಚುಗಳು ಇದುವರೆಗೆ ಯಾವ ತಂತಿಗೂ ಉತ್ತರ ಕೊಟ್ಟಿಲ್ಲ. ಹತ್ತು ಗಂಟೆಯಾಯಿತೆಂದರೆ ಹೆಡ್‌ಫೋನು. ಬೇಸಿಗೆಯಲ್ಲಿ ಹಿತ್ತಲಿನ ಗುಂಡಿ ಒಣಗಿದರೆ ಕೆಲಸ ಕೆಡುತ್ತದೆಂದು ಕೆಲಸದವನು ಹೇಳಿ ಹೋಗಿದ್ದಾನೆ. ಹಸುವಿಗೆ ನೀರಿಟ್ಟು ಬರುವಾಗ ಅಕ್ಕ ವಾರಕ್ಕೊಮ್ಮೆ ಅದಕ್ಕೂ ಎರಡು ಬಿಂದಿಗೆ ಸುರಿಯುತ್ತಾಳೆ.