ಎರಡು ರಸೀದಿ

ಆಶಾ ಕಾರ್ಯಕರ್ತೆಯರ ಸಂಘಟನೆಗಳ ಬಾವುಟದ ಜಗಳ ಕಂಡಾಗಲೆಲ್ಲ ನನಗೆ ಅಹಮದಾಬಾದ್ ನೆನಪಾಗುತ್ತದೆ. ಇಳಾ ಭಟ್ 1972ರಲ್ಲಿ ದುಡಿಯುವ ಹೆಂಗಸರ ಸಂಘ 'ಸೇವಾ' ಕಟ್ಟಿದ್ದು ಗಾಂಧೀಜಿ, ಅನಸೂಯಾ ಸಾರಾಭಾಯಿ ಬೆಳೆಸಿದ ಗಿರಣಿ ಕಾರ್ಮಿಕರ ಸಂಘ ಮಜೂರ್ ಮಹಾಜನದ ನೆರಳಲ್ಲೇ. 1981ರಲ್ಲಿ ವೈದ್ಯಕೀಯ ಸೀಟುಗಳ ಮೀಸಲಾತಿ ವಿರುದ್ಧ ಊರು ಹೊತ್ತಿ ಉರಿದಾಗ ಇಳಾ ದಲಿತರ ಪರ ಬಾಯಿಬಿಟ್ಟರು. ಮಹಾಜನಕ್ಕೆ ಅದು ಬೇಡವಾಗಿತ್ತು. ಸೇವಾ ಹೊರಬಿತ್ತು. ಆಮೇಲೆ ಅದೇ ಸೇವಾ ಸೂಲಗಿತ್ತಿಯರನ್ನೂ ಸಂಘಟಿಸಿತು. ತಾಯಿಮನೆ ಹೊರಹಾಕಿದ್ದು ಒಳ್ಳೆಯದೇ ಆಯಿತೇನೋ!

ಬಾವುಟದ ಜಗಳ ಆಶಾಗಳನ್ನೂ ಬಿಡಲಿಲ್ಲ. 2025ರಲ್ಲಿ ಕೇರಳದ ಆಶಾಗಳು 7,000 ರೂಪಾಯಿ ಗೌರವಧನ 21,000 ಆಗಲಿ ಎಂದು ಸಚಿವಾಲಯದೆದುರು ಕೂತರು. 50ನೇ ದಿನ ಕೆಲವರು ಕೂದಲನ್ನೇ ಕತ್ತರಿಸಿಕೊಂಡರು. ಕಾಸರಗೋಡಿನಿಂದ ಯಾತ್ರೆ ಹೊರಟಿತು. ಆಶಾಗಳ ನಡುವೆಯೇ ಸಂಘವಿರುವ ಸಿಐಟಿಯು ಮಾತ್ರ ಆ ಮುಷ್ಕರವನ್ನು ವಿರೋಧಿಸಿತು. ಆಗ ಆಳುತ್ತಿದ್ದ ಪಕ್ಷದ ಯೂನಿಯನ್ನಿನ ಪಾಡು ಅದು, ಬಿಡಿ.

ನಮ್ಮ ಬೀದಿಯ ಆಶಾ ಅಕ್ಕನ ಚೀಲದಲ್ಲಿ ಎರಡು ಸಂಘಗಳ ರಸೀದಿಗಳಿವೆ. "ನೀವು ಯಾರ ಕಡೆ ಅಕ್ಕಾ?" ಅಂದೆ.

"ಯಾರು ದುಡ್ಡು ಕೊಡಿಸ್ತಾರೋ ಅವರ ಕಡೆ. ಮಗೂಗೆ ಪೋಲಿಯೋ ಹನಿ ಹಾಕ್ಸಿದ್ರಾ?" ಅಂದು ರಿಜಿಸ್ಟರ್ ಬಿಚ್ಚಿದರು.